ಸಖುಬಾಯಿಯ ಹೆಬ್ಬೆಟ್ಟು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ತ್ರಿಶಲಾ ಮಿರಜದ ಠಾಣೆಗೆ ಬಂದಳು. ಕುಪವಾಡ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಅವಳಿಗೆ ಕೆಲಸ. ತಾಯಿ ಸಖುಬಾಯಿಯ ಹೆಸರಿನಲ್ಲಿದ್ದ ಹರಿಪುರದ ಜಮೀನಿನ ಪಹಣಿ ಉತಾರದಲ್ಲಿ ಬೇರೆಯವರ ಹೆಸರು ಬಂದಿತ್ತು. ಮರಾಠಿಯಲ್ಲಿ ಶುರುವಾದ ಮಾತು ಬೇಗನೆ ಕನ್ನಡಕ್ಕೆ ಹೊರಳಿತು.

"ಅವ್ವಗ ಮರವಿನ ರೋಗ. ತನ್ನ ಹೆಸರs ಗೊತ್ತಿಲ್ಲ. ಆಕಿ ಹೆಂಗ ಖರೀದಿಪತ್ರಕ್ಕ ಹೆಬ್ಬೆಟ್ಟು ಒತ್ತತಾಳ್ರಿ?"

"ಯಾರ ಮ್ಯಾಲ ಸಂಶಯ?" ಇನ್‌ಸ್ಪೆಕ್ಟರ್ ರಘುವೀರ ಕೇಳಿದರು.

"ಕೊಂಡವರ ಮ್ಯಾಲ."

ಬೇರೊಬ್ಬರ ಸೋಗಿನಲ್ಲಿ ವಂಚಿಸಿದ ಆರೋಪದಡಿ ಎಫ್‌ಐಆರ್ ದಾಖಲಾಯಿತು. ಕಾನ್‌ಸ್ಟೆಬಲ್ ಹರ್ಷದಾ ನೋಂದಣಿ ಕಚೇರಿಯಿಂದ ಖರೀದಿಪತ್ರದ ನಕಲು ತಂದಳು. ಅದರಲ್ಲಿದ್ದ ಫೋಟೋವನ್ನು ತ್ರಿಶಲಾ ಬಹಳ ಹೊತ್ತು ನೋಡಿದಳು.

"ಇಕಿ ಅವ್ವ ಅಲ್ಲ. ಅವ್ವನ ತಂಗಿ, ಮಂದಾ ಮಾವಶಿ."

ಬುಧಗಾಂವದ ಮನೆಗೆ ಹೋಗಿ ರಘುವೀರ ಕೇಳಿದಾಗ ಮಂದಾ ಏನನ್ನೂ ಮುಚ್ಚಿಡಲಿಲ್ಲ.

"ಹೆಬ್ಬೆಟ್ಟು ಒತ್ತಿದ್ದು ನೀವs ಏನ್ರಿ?"

"ಹೂಂ ರಿ."

"ಯಾರು ಹೇಳಿದ್ರು?"

"ಅಕ್ಕನ ಗಂಡ. ಪಾರ್ಶ್ವನಾಥ ದಾಜಿ."

ಜೊತೆಗೆ ಬಂದಿದ್ದ ತ್ರಿಶಲಾ ಜೀಪಿನ ಕಡೆ ನಡೆದಳು. ಪಾರ್ಶ್ವನಾಥ ಅವಳ ತಂದೆ.

ಮಿರಜದ ಮನೆ ಮುಟ್ಟಿದಾಗ ಸಂಜೆಯಾಗಿತ್ತು. ಪಾರ್ಶ್ವನಾಥ ಹೆಂಡತಿಗೆ ಉಣಿಸುತ್ತಿದ್ದರು.

"ಕುಂದ್ರಿ ಸಾಹೇಬ್ರ. ನಾವು ಜೈನರು, ಹೊತ್ತ ಮುಳಗೂದ್ರಾಗ ಆಕೀದು ಊಟ ಆಗಬೇಕು. ಆಮ್ಯಾಲ ಬರ್ತೇನಿ."

ರಘುವೀರ ಕುಳಿತರು. "ಜಮೀನು ಮಾರಿದ ರೊಕ್ಕ ಎಲ್ಲೈತ್ರಿ?"

"ಇಲ್ಲೇ ಒಂದು ಆರೈಕೆ ಕೇಂದ್ರದಾಗ ಠೇವಣಿ ಇಟ್ಟೇನಿ. ಆಕಿ ಇರೂತನಕ ನೋಡ್ಕೋತಾರ."

"ಕೋರ್ಟಿಗೆ ಹೋಗಬಹುದಿತ್ತಲ್ರಿ?"

"ವಕೀಲರನ್ನ ಕೇಳಿದ್ನಿ. ಆಕೀಗಿ ತಿಳುವಳಿಕೆ ಇದ್ದಾಗs ವ್ಯವಸ್ಥಾ ಮಾಡಬೇಕಿತ್ತು, ಈಗ ಕೋರ್ಟ್ ಪಾಲಕರನ್ನ ನೇಮಿಸಬೇಕು, ವರ್ಷಗಟ್ಟಲೆ ಹಿಡಿದೀತು ಅಂದ್ರು." ಅವರು ಸಖುಬಾಯಿಯ ಸೆರಗಿನ ತುದಿಯಿಂದಲೇ ಅವಳ ಬಾಯಿ ಒರೆಸಿದರು. "ಡಾಕ್ಟರು ನನಗ ಅಷ್ಟು ದಿನ ಕೊಟ್ಟಿಲ್ರಿ."

ಬಾಗಿಲಲ್ಲಿ ನಿಂತಿದ್ದ ತ್ರಿಶಲಾಗೆ ಅದು ಗೊತ್ತಿರಲಿಲ್ಲ. "ನನಗ್ಯಾಕ ಹೇಳಲಿಲ್ಲಪ್ಪಾ?"

"ಹೇಳಿದ್ರ ನೌಕರಿ ಬಿಟ್ಟು ಮನ್ಯಾಗ ಕುಂದರತಿದ್ದಿ. ಅವ್ವನ ಸಲುವಾಗಿ ಬಂದ ವರನನ್ನೂ ಬ್ಯಾಡ ಅಂದಿ. ಇನ್ನ ನನ್ನ ಸಲುವಾಗಿ ಏನೇನ ಬಿಡತಿದ್ದ್ಯೋ."

ತ್ರಿಶಲಾ ಇನ್‌ಸ್ಪೆಕ್ಟರ್ ಕಡೆ ತಿರುಗಿದಳು. "ಫಿರ್ಯಾದಿ ವಾಪಸ್ ತಗೋತೇನ್ರಿ."

"ಅದು ಈಗ ನನ್ನ ಕೈಯಾಗಿಲ್ಲವ್ವಾ. ಜಮೀನು ಕೊಂಡವರೂ ಮೋಸ ಹೋಗ್ಯಾರ. ನಾಳೆ ವಕೀಲರನ್ನ ಕಂಡು, ಅವ್ವಗ ನಾನs ಪಾಲಕಿ ಆಗತೇನಿ ಅಂತ ಕೋರ್ಟಿಗೆ ಅರ್ಜಿ ಹಾಕು."

ಮಂದಾಗೆ ನೋಟಿಸ್ ಕೊಡುವುದೆಂದಾಯಿತು. ಪಾರ್ಶ್ವನಾಥರ ಬಂಧನದ ಪಂಚನಾಮೆ ಅಲ್ಲಿಯೇ ನಡೆಯಿತು. ಬೇಡಿ ಹಾಕಲಿಲ್ಲ. ರಘುವೀರ ಕೇಸ್ ಡೈರಿಯಲ್ಲಿ ಬರೆದರು: 'ಆರೋಪಿಗೆ ಸ್ವಂತ ಲಾಭವಿಲ್ಲ. ತನ್ನ ನಂತರ ಹೆಂಡತಿಗೆ ಯಾರು ಎಂಬ ಭಯವೇ ಕಾರಣ. ಕೂಡಲೇ ವೈದ್ಯಕೀಯ ತಪಾಸಣೆ ಅಗತ್ಯ.'

ಪಾರ್ಶ್ವನಾಥ ತಾಟನ್ನು ಮಗಳ ಕೈಗಿತ್ತರು.

"ಉಳದದ್ದು ನೀ ಉಣಸು. ಅವಸರ ಮಾಡಬ್ಯಾಡ. ಮೊದಲ ನೀ ಒಂದ ತುತ್ತು ತಿನ್ನು. ನೋಡಿ ಆಕೀನೂ ಬಾಯಿ ತಗೀತಾಳ."

ತ್ರಿಶಲಾ ತಿಂದಳು. ಸಖುಬಾಯಿ ಅವಳ ಮುಖವನ್ನೇ ನೋಡುತ್ತಿದ್ದು, ನಿಧಾನವಾಗಿ ಬಾಯಿ ತೆರೆದಳು.

ಹೊರಗೆ ಹರ್ಷದಾ ಜೀಪಿನ ಬಾಗಿಲು ತೆರೆದು ನಿಂತಿದ್ದಳು. ತಾಟು ಖಾಲಿಯಾಗುವವರೆಗೆ ರಘುವೀರ ಯಾರನ್ನೂ ಎಬ್ಬಿಸಲಿಲ್ಲ.