ಕೊನೆಯ ದಿನದ ಖುರಾಕು

ಮಧುಕರನಿಗೆ ಪುಟಾಣಿ ಶೇಠ ಎಂಬ ಹೆಸರು ಅಂಟಿದ್ದು ೧೯೭೮ರ ದೀಪಾವಳಿಯ ಮರುವಾರ, ಬೆಳಗಾವಿ ಟಿಳಕವಾಡಿಯ ತಾಲೀಮಿನಲ್ಲಿ, ಅಂದರೆ ಕುಸ್ತಿಯ ಗರಡಿಯಲ್ಲಿ. ಮಚ್ಛೆಯ ತನ್ನ ಸಣ್ಣ ಕಾರ್ಖಾನೆಯಲ್ಲಿ ಪೈಲವಾನರಿಗೆಂದೇ ಮಾಡಿದ ಶಕ್ತಿಪುಡಿಯ ಮೊದಲ ಡಬ್ಬಿಯನ್ನು ಅವನು ಅಂದು ಅಲ್ಲಿ ತೆರೆದಿದ್ದ. ಮೂವತ್ತು ವರ್ಷದಿಂದ ಆ ತಾಲೀಮಿಗೆ ಲೇಹ್ಯ ಕೊಡುತ್ತ ಬಂದಿದ್ದ ಖಾನಾಪುರದ ವೈದ್ಯ ಕಲ್ಲಯ್ಯ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಚಪ್ಪರಿಸಿದರು.

"ಛಲೋ ಐತಿ ತಮ್ಮಾ. ನಮ್ಮ ಮನ್ಯಾಕಿ ಕಾಶವ್ವಗ ಕೊಡು, ಉಂಡಿ ಕಟ್ಟತಾಳ."

ತಾಲೀಮೆಲ್ಲ ನಕ್ಕಿತು. ಅಲ್ಲೇ ಸಾಧನೆ ಮಾಡುತ್ತಿದ್ದ ಮಧುಕರನ ತಮ್ಮ ಅವಧೂತನೂ ನಕ್ಕ. ಪುಡಿಯಲ್ಲಿ ಅರ್ಧದಷ್ಟು ಪುಟಾಣಿ ಹಿಟ್ಟೇ, ಹುರಿಗಡಲೆಯ ಹಿಟ್ಟೇ ಇತ್ತು. ಮಧುಕರನನ್ನು ಸುಟ್ಟದ್ದು ಅದೇ.

ಕ್ಯಾಂಪಿನಲ್ಲಿದ್ದ ನಿವೃತ್ತ ಮಿಲಿಟರಿ ಡಾಕ್ಟರ್ ಬಾಳಾಸಾಹೇಬರು, "ನಗೂದು ಸಾಕು, ಎಣಸಿ ನೋಡೂಣು" ಅಂದರು. ಸಮತೂಕದ ಆರು ಜೋಡಿ ಆರಿಸಿದರು. ಜೋಡಿಯಲ್ಲಿ ಒಬ್ಬನಿಗೆ ಪುಡಿ, ಒಬ್ಬನಿಗೆ ಲೇಹ್ಯ, ಆರು ವಾರ. ಶನಿವಾರ ಕಾಲು ಸೋಲುವ ತನಕ ಬೈಠಕ್ ಹೊಡೆಯಬೇಕು, ಅದು ಕಸುವಿನ ಲೆಕ್ಕ. ರವಿವಾರ ಬೆಳಿಗ್ಗೆ ಮತ್ತೆ ಹೊಡೆಯಬೇಕು, ಅದು ದಣಿದ ಮೈ ಚೇತರಿಸಿಕೊಂಡ ಲೆಕ್ಕ. ಕೊನೆಯ ರವಿವಾರ ಜೋಡಿಗಳ ನಡುವೆ ಕುಸ್ತಿ. ಗೆದ್ದ ಖುರಾಕನ್ನೇ ಜಿಲ್ಲೆಯ ತಾಲೀಮುಗಳಿಗೆಲ್ಲ ತಾವು ಬರೆದು ಕಳಿಸುವುದು. ಆ ಕಾಗದ ಬಂದರೆ ಪುಟಾಣಿ ಶೇಠ ಎನ್ನಲು ಯಾರಿಗೂ ಬಾಯಿ ಇರುವುದಿಲ್ಲ.

ಐದು ವಾರ ಕಳೆದವು. ಶನಿವಾರ ಪುಡಿಯವರು ಹತ್ತು ಹನ್ನೆರಡು ಬೈಠಕ್ ಮುಂದೆ. ರವಿವಾರ ಲೇಹ್ಯದವರು ಅಷ್ಟೇ ಮುಂದೆ.

"ಏನೂ ತಿನ್ನದಾಂವನೂ ದಿನಾ ಹೊಡದ್ರ ಇಷ್ಟು ಏರತಾನ," ಬಾಳಾಸಾಹೇಬರು ಲೆಕ್ಕದ ವಹಿ ಮುಚ್ಚಿದರು. "ಇದರಾಗ ಯಾವುದೂ ಖರೇ ಆಗಲಿಲ್ಲ. ಕುಸ್ತಿ ನೋಡೂಣು."

ಕುಸ್ತಿಯನ್ನು ಅದೃಷ್ಟಕ್ಕೆ ಬಿಡುವವನಲ್ಲ ಮಧುಕರ. ಯಾರೂ ಸಾಯಬಾರದು, ಯಾರಿಗೂ ವಾಂತಿಯಾಗಬಾರದು. ಲೇಹ್ಯ ತಿಂದವರ ಕೈಕಾಲು ಹೊತ್ತೇರುವಷ್ಟರಲ್ಲಿ ಭಾರವಾದರೆ ಸಾಕು. ಮುದುಕನ ಲೇಹ್ಯ ಮೈ ಮಲಗಿಸುತ್ತದೆ ಎಂದು ಜನ ತಾವೇ ಮಾತಾಡಿಕೊಳ್ಳುತ್ತಾರೆ. ಗೋವಾದ ಹಡಗಿನವನೊಬ್ಬನಿಂದ ನಿದ್ದೆಯ ಔಷಧ ತರಿಸಿದ. ಅದರ ಹೆಸರು ಬೆಳಗಾವಿಯ ಯಾವ ಔಷಧ ಅಂಗಡಿಯವನಿಗೂ ಗೊತ್ತಿರಲಿಲ್ಲ. ಆರು ಗಟ್ಟಿ ಎದೆಗಳು ತಡೆಯುವಷ್ಟನ್ನೇ ಅಳೆದ. ಗಟ್ಟಿಯಿಲ್ಲದ ಎದೆ ಅಲ್ಲಿ ಒಂದೇ ಇತ್ತು. ಚಿಕ್ಕಂದಿನ ಜ್ವರದಿಂದ ಅವಧೂತನ ಹೃದಯ ಸೋತಿತ್ತು. ಅದು ಅಣ್ಣತಮ್ಮಂದಿರಿಗೂ ತಾಯಿ ಚಂದ್ರಭಾಗಾಗೂ ಬಿಟ್ಟರೆ ಯಾರಿಗೂ ತಿಳಿಯದು, ತಿಳಿದರೆ ತಾಲೀಮಿನ ಉಸ್ತಾದರು ಅವಧೂತನನ್ನು ಮಣ್ಣಿಗೆ ಇಳಿಸುತ್ತಿರಲಿಲ್ಲ. ಆದರೆ ಅವಧೂತ ಪುಡಿಯ ಪಾಲಿನವನು. ಮೊದಲ ದಿನ ಮಧುಕರನೇ ಹಟ ಹಿಡಿದು ಹಾಗೆ ಬರೆಸಿದ್ದ.

ಕಲ್ಲಯ್ಯ ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ಹಾಕುವ ಗಂಟನ್ನು ಮಧುಕರ ವಾರವಿಡೀ ಹಾಕಿ ಬಿಚ್ಚಿ ಕಲಿತ. ಅಜ್ಜಿಯ ಕತೆಯ ರಾಕ್ಷಸ ತನ್ನ ಜೀವವನ್ನು ಗಿಣಿಯೊಳಗೆ ಬಚ್ಚಿಟ್ಟಂತೆ ತನ್ನ ಗುಟ್ಟನ್ನು ಆ ಗಂಟಿನೊಳಗೆ ಇಡುವವನಿದ್ದ.

ಶನಿವಾರ ಮಧ್ಯಾಹ್ನ ಔಷಧವನ್ನು ಜೇಬಿನಲ್ಲಿಟ್ಟು, ನೋಡುವವರಿಗೆ ಬರಿಗೈಯಲ್ಲಿ ಖಾನಾಪುರಕ್ಕೆ ಹೋದ. ಕಲ್ಲಯ್ಯ ಹೊರಗೆ ಹೋಗಿದ್ದರು. ಸಂಜೆಯ ಗಾಡಿಗೆ ಕಳಿಸಬೇಕಾದ ಕೊನೆಯ ಭರಣಿ ಪಡಸಾಲೆಯಲ್ಲಿ ಸಿದ್ಧವಿತ್ತು.

"ಕುಂದರ್ರಿ, ಬಾಗಲದಾಗ ನಿಂತ ಹೋಗಾಕ ಬಂದೀರೇನ?" ಎಂದಳು ವೈದ್ಯರ ಹೆಂಡತಿ ಕಾಶವ್ವ. "ಛಾ ಮಾಡತೀನಿ. ಅವರು ನಕ್ಕು ಚಾಷ್ಟಿ ಮಾಡಿದ್ದು ಮನಸಿಗೆ ಹಚ್ಚಿಕೋಬ್ಯಾಡ್ರಿ."

ಚಹಾ ಕುದಿಯುವಷ್ಟರಲ್ಲಿ ಕೆಲಸ ಮುಗಿದಿತ್ತು. ಲೇಹ್ಯ ಕಹಿಯೇ, ಇನ್ನಷ್ಟು ಕಹಿ ಯಾರಿಗೆ ತಿಳಿಯಬೇಕು? ಎರಡು ಕಪ್ಪು ಕುಡಿದು, ಬರಿಗೈಯಲ್ಲೇ ಹೊರಟ.

ಉಸ್ತಾದ್ ಉಳವಪ್ಪ ಹಿಂದಿನ ದಿನವೇ ಹೇಳಿದ್ದರು, "ರವಿವಾರ ಲಗೂನ ಬಾಪಾ. ಖುರಾಕು ತಿನ್ನೂ ಹೊತ್ತಿಗೆ ನೀ ಇರಬೇಕು. ನಮ್ಮ ಪದ್ಧತಿ ಐತಿ." ಹನುಮಪ್ಪನಿಗೆ ಕಾಯಿ ಒಡೆಯುವ ಪದ್ಧತಿ ಇರಬೇಕು ಅಂದುಕೊಂಡ ಮಧುಕರ. ಭರಣಿ ತೆರೆಯುವಾಗ ತಾನು ಹತ್ತಿರ ಇರಬಾರದು ಎಂಬುದು ಅವನ ಲೆಕ್ಕ. ಬೇಕೆಂದೇ ಮಚ್ಛೆಯಲ್ಲಿ ಇಬ್ಬರು ಕೆಲಸಗಾರರ ಕಣ್ಣಿಗೆ ಬಿದ್ದು, ಬಿಸಿಲೇರಿದ ಮೇಲೆ ತಾಲೀಮಿಗೆ ಬಂದ.

ಒಳಗೆ ಕುಸ್ತಿಗೆ ಬಾರಿಸುವ ಹಲಗೆಯ ಸದ್ದಿರಲಿಲ್ಲ. ಲೇಹ್ಯದ ಆರು ಜನ ಗಟ್ಟಿಮುಟ್ಟಾಗಿ ನಿಂತಿದ್ದರು. ಗೋಡೆಗೆ ಒರಗಿ ತೂಕಡಿಸುತ್ತಿದ್ದವರು ಪುಡಿಯ ಐವರು. ಆರನೆಯವನು ಕೆಂಪು ಮಣ್ಣಿನ ಮೇಲೆ ಮಲಗಿದ್ದ, ತುಟಿ ನೀಲಿಗಟ್ಟಿತ್ತು. ಬಾಳಾಸಾಹೇಬರು ಅವಧೂತನ ನಾಡಿ ಹಿಡಿದು ಕೂತಿದ್ದರು. "ಲಗೂನ ಬಾ ಅಂದಿದ್ದೆ," ಎಂದರು ಉಳವಪ್ಪ, ತಲೆ ಎತ್ತದೆ. "ಕುಸ್ತಿ ದಿನ ನಮ್ಮಲ್ಲಿ ಖುರಾಕು ಅದಲಿ ಬದಲಿ. ತನ್ನದು ಜೋಡಿಗೆ ಕೊಟ್ಟು, ಜೋಡೀದು ತಾ ತಿಂತಾನ. ತಿನಸಿನ್ಯಾಗ ಮೋಸ ಇಲ್ಲ ಅಂತ, ನಮ್ಮಜ್ಜನ ಕಾಲದಿಂದ." ಕಲ್ಲಯ್ಯ ಖಾಲಿ ಭರಣಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ಡಾಕ್ಟರು ಒಬ್ಬೊಬ್ಬರ ಮುಖವನ್ನೂ ನೋಡಿ, ಕೊನೆಗೆ ಮಧುಕರನ ಕಡೆ ತಿರುಗಿದರು. "ಇದರಾಗ ಏನ ಕೂಡಿಸಿದ್ರು ಅನ್ನೂದು ಗೊತ್ತಾದ್ರ ಉಳಸತೀನಿ. ಹೆಸರು ಬೇಕು. ಯಾರಿಗರೆ ಗೊತ್ತೈತೇನು?"