ತೂ ಬಸ್!

"ಆಯಿ, ತೂ ಬಸ್!"

ಅಡುಗೆಮನೆಯತ್ತ ಹೊರಟಿದ್ದ ತಾಯಿಯನ್ನು ತಡೆದು, ಮಂಡಕ್ಕಿ-ಮೆಣಸಿನಕಾಯಿಯ ತಟ್ಟೆಯನ್ನು ವಾಣಿ ತಾನೇ ತಂದಳು. ಆಯಿಯ ಮೊಣಕಾಲು ಬೆಳಗಿನಿಂದ ಊದಿಕೊಂಡಿತ್ತು.

ಮಗ ಮೆಚ್ಚಿದ ಹುಡುಗಿಯನ್ನು ನೋಡಲು ಹರಿಹರದಿಂದ ದಾವಣಗೆರೆಗೆ ಬಂದಿದ್ದ ಶಾಂತಕುಮಾರಿ ದಡಕ್ಕನೆ ಎದ್ದರು.

"ಹೆತ್ತವ್ವಂಗೇ ಥೂ ಅಂತಾಳೆ... ಮ್ಯಾಲೆ ಬಸ್, ಸಾಕು ಅಂತಾಳೆ! ನಾಳೆ ನಂಗೆ ಏನಂದಾಳು? ನಡಿಯೋ ಕಿರಣ!"

ಬಸವಕಿರಣ್ ತಲೆ ತಗ್ಗಿಸಿಕೊಂಡು ತಾಯಿಯ ಹಿಂದೆ ನಡೆದೇಬಿಟ್ಟ. ಕಾಲೇಜಿನಿಂದ ಪ್ರೀತಿಸಿದವನು! ಒಂದು ಮಾತು ಕೇಳಬಾರದಿತ್ತೇ? ವಾಣಿಯ ಕಣ್ಣು ತುಂಬಿತು. ಆದರೆ ದುಃಖಕ್ಕಿಂತ ಸಿಟ್ಟೇ ಜಾಸ್ತಿ ಬಂದಿತ್ತು.

ಸಂಜೆ ಅವನ ಫೋನ್ ಬಂತು.

"ವಾಣಿ, ಅವ್ವಂಗೆ ಸಾರಿ ಹೇಳ್ಬಿಡು. ಇನ್ಮ್ಯಾಲೆ ಆಯಿಗೆ ಮರ್ಯಾದೆ ಕೊಟ್ಟು ಮಾತಾಡ್ತೀನಿ ಅನ್ನು. ಮದುವೆ ಉಳಿತೈತೆ."

"ಉಳಿಯೋದೇ ಬ್ಯಾಡ! ಏನಂದೆ ಅಂತ ನನ್ನ ಕೇಳಿದ್ಯಾ? ನನ್ನ ಆಯಿಗೆ ನಾನು 'ತೂ' ಅಂತಲೇ ಅಂತೀನಿ. ಸಾಯೋತನಕ!"

ಫೋನ್ ಇಟ್ಟಳು. ಅವನನ್ನು ಕಳೆದುಕೊಂಡೆನಾ?

ಕಳೆದುಕೊಳ್ಳುವುದಾದರೆ ಎದುರಿಗೆ ನಿಂತು ಹೇಳಿಯೇ ಕಳೆದುಕೊಳ್ಳೋಣ! ಮರುದಿನವೇ ಆಯಿಯ ಕೈ ಹಿಡಿದು ಹರಿಹರಕ್ಕೆ ಹೋದಳು.

ಬಾಗಿಲು ತೆರೆದ ಬಸವಕಿರಣ್ ಗಾಬರಿಯಿಂದ ಕೂಗಿದ. "ಅವ್ವಾ, ನೀನು ಸ್ವಲ್ಪ ಹೊರಗೆ ಬಾ!"

ವಾಣಿ ಆ ಮಾತನ್ನೇ ಹಿಡಿದಳು.

"ಅಮ್ಮಾ, ನಿಮ್ಮ ಮಗ ನಿಮಗೆ ನೀನು, ಬಾ ಅಂದ್ರಲ್ಲ... ಬೈದ್ರಾ?"

"ಹೆತ್ತ ಮಗ! ನೀವು, ಬರ್ರಿ ಅನ್ನೋಕೆ ನಾನೇನು ಬೀಗಿತ್ತಿನಾ?"

"ನಮ್ಮ ಮರಾಠಿ 'ತೂ'ನೂ ಅದೇರಿ! ತೂ ಅಂದ್ರೆ ನೀನು. ಬಸ್ ಅಂದ್ರೆ ಕೂತ್ಕೊ. ಅಪ್ಪಗೆ, ಅತ್ತೆಗೆ 'ತುಮ್ಹಿ', ನೀವು ಅಂತೀವಿ. ಆಯಿ ಮಾತ್ರ ತೂ. ಅದನ್ನ ಬಿಡು ಅಂದ್ರೆ ನಿಮ್ಮ ಮಗನ್ನೇ ಬಿಡ್ತೀನಿ!"

ಬಸವಕಿರಣ್ ವಾಣಿಯ ಪಕ್ಕಕ್ಕೆ ಬಂದು ನಿಂತ.

"ಅವ್ವಾ, ನಿಂಗೆ ಮರಾಠಿ ಬರಲ್ಲ, ಸರಿ. ನಾನು ಇವಳನ್ನ ಕೇಳಬೇಕಿತ್ತು, ಕೇಳಲಿಲ್ಲ. ಈಗ ನೀನು ಒಪ್ಪದಿದ್ರೂ ನಾನು ಇವಳನ್ನ ಬಿಡಲ್ಲ."

ಶಾಂತಕುಮಾರಿ, ಗೋಡೆ ಹಿಡಿದು ನಿಂತಿದ್ದ ಆಯಿಯ ಊದಿದ ಕಾಲನ್ನು ನೋಡಿದರು. ತಾವೇ ಕುರ್ಚಿ ಎಳೆದು ತಂದರು.

"ಬಸ್... ಬಸ್ ರೀ!"

ಆಯಿ ನಗುತ್ತಾ ಕೂತರು.

ಒಳಗೆ ಚಹಾ ಕುದಿಯುವಾಗ ಬಸವಕಿರಣ್ ಮೆಲ್ಲಗೆ ಕೇಳಿದ. "ನಂಗೇನಂತೀಯ? ತುಮ್ಹಿನಾ?"

"ನಿನ್ನೆ ತಲೆ ತಗ್ಗಿಸಿ ಹೋದವನಿಗಾ? ತೂ!"

ಅವನು ಉಗುಳು ಬಿದ್ದವನಂತೆ ಕೆನ್ನೆ ಒರೆಸಿಕೊಂಡ. "ಬೈದ್ಯಾ?"

"ಇಲ್ಲ ಕಣೋ..." ಅವಳ ಧ್ವನಿ ಮೆತ್ತಗಾಯಿತು. "ನನ್ನವನು ಅಂದೆ."