ಖಾಲಿ ಕ್ಯಾನಿನ ನೀರು

"ದಾರಿ ಬಿಡ್ರೀ... ಅಯ್ಯೋ, ಪಕ್ಕಕ್ಕೆ ಸರೀರೀ!"

ಸೌದೆ ಹೊತ್ತು ಬರುತ್ತಿದ್ದವನು ಬೇಲಿಗೆ ಒರಗಿದ. ಒತಿಲಿಯಾಳ ಸೈಕಲ್ಲು ಅವನ ರುವಾನಾ ಕಂಬಳಿಯನ್ನು ಸವರಿಕೊಂಡು ಹೋಗಿ ನಿಂತಿತು.

ಅವನು ಎಲಿಸೆಯೊ, ಬೆಟ್ಟದ ಚೀಸ್ ಮನೆಗೆ ಹೊಸದಾಗಿ ಬಂದವನು. ಒತಿಲಿಯಾ ದಿನವೂ ಅಲ್ಲಿ ಸೈಕಲ್ಲಿನ ಬಲಗಡೆಯ ಕ್ಯಾನಿನ ಹಾಲು ಸುರಿದು, ಎಡಗಡೆಯದನ್ನು ಕೆಳಗಿನ ಹಾಲಿನ ಕೇಂದ್ರಕ್ಕೆ ಒಯ್ಯುತ್ತಿದ್ದಳು.

"ಹ್ಯಾಂಡಲ್ ಜೊತೆ ಜಗಳ ಆಡಬೇಡಿ," ಎಂದ ಅವನು. "ಮೈಭಾರ ಬಲಕ್ಕೆ ಕೊಡಿ. ಕಣ್ಣು ದಾರಿ ಮೇಲಿರಲಿ, ಚರಂಡಿ ಮೇಲಲ್ಲ."

"ನೀವು ಹಾಲು ಕಾಯಿಸ್ಕೊಳ್ಳಿ. ಸೈಕಲ್ ನನಗೆ ಬಿಡಿ!"

ಸಿಡುಕಿದಳೇನೋ ನಿಜ. ಆದರೆ ದಾರಿಯುದ್ದಕ್ಕೂ ಆ ದನಿ ಕಿವಿಯಲ್ಲೇ ಇತ್ತು. ಕಳೆದ ವರ್ಷ ತಾಯಿ ಹೋದಳು. ಹಾಲು ಹೊರುತ್ತಿದ್ದ ಮುದಿ ಕತ್ತೆಯೂ ಅದೇ ಚಳಿಗೆ ಸತ್ತಿತು. 'ಹುಷಾರು' ಎನ್ನುವವರು ಆಮೇಲೆ ಯಾರಿದ್ದರು?

ಮರುದಿನ ಅವಳಿಗೆ ಬಿಸಿ ಬೆಲ್ಲದ ನೀರು ಕೊಟ್ಟು, ತೊಳೆದ ಕ್ಯಾನನ್ನು ಅವನೇ ಸೈಕಲ್ಲಿಗೆ ತೂಗುಹಾಕಿದ. ಆವತ್ತು ಇಳಿಜಾರಿನ ತಿರುವಿನಲ್ಲಿ ಸೈಕಲ್ಲು ಹೇಳಿದ ಮಾತು ಕೇಳಿತು!

ಕೇಂದ್ರದಲ್ಲಿ ಹಾಲು ಪರೀಕ್ಷಿಸುವ ಹೆರ್ಮಿಂಡಾ ಬಲಗಡೆಯ ಮುಚ್ಚಳ ತೆಗೆದಳು.

"ಏನೇ ಇದು, ಕ್ಯಾನ್ ತುಂಬ ನೀರು? ಹಾಲಿಗೆ ಬೆರೆಸೋಕೆ ಹೊತ್ಕೊಂಡು ಬಂದ್ಯಾ? ಇನ್ನೊಂದ್ಸಲ ಕಂಡ್ರೆ ನಿನ್ನ ಹಾಲೇ ಬೇಡ ನಮಗೆ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಒತಿಲಿಯಾಳ ಕಿವಿ ಸುಟ್ಟಂತಾಯಿತು.

ಎಲಿಸೆಯೊ ಸೇಡು ತೀರಿಸಿಕೊಂಡನಾ... ನಾನಂದ ಒಂದು ಮಾತಿಗೆ?

ಆಮೇಲೆ ಏಳು ದಿನ ಅವಳು ಅವನ ಮುಖ ನೋಡಲಿಲ್ಲ. ಲೋಟ ಮುಟ್ಟಲಿಲ್ಲ. ಹಾಲು ಸುರಿದು, ಖಾಲಿ ಕ್ಯಾನನ್ನು ತಾನೇ ಸಿಕ್ಕಿಸಿ ಹೊರಡುತ್ತಿದ್ದಳು. ಅವನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಆಲೂಗಡ್ಡೆ ಹೊಲ ದಾಟಿರುತ್ತಿದ್ದಳು.

ಎಂಟನೆಯ ದಿನ ತಿರುವಿನಲ್ಲಿ ಹ್ಯಾಂಡಲ್ ಎಡಕ್ಕೆ ಎಳೆಯಿತು. ಅವಳು ಎರಡೂ ಕೈಯಿಂದ ಬಲಕ್ಕೆ ಎಳೆದಳು. ಚರಂಡಿಯ ಅಂಚಿನಲ್ಲಿ ಕಾಲು ಕೊಟ್ಟು ಹೇಗೋ ನಿಂತಳು. ಮೊಣಕಾಲು ತರಚಿತ್ತು, ಹಾಲು ಉಳಿದಿತ್ತು. ಸುತ್ತ ಮಂಜು. ಕೂಗಿದರೂ ಯಾರೂ ಬರುವಂತಿರಲಿಲ್ಲ.

ಆ ಒಂದು ದಿನ ಮಾತ್ರ ಇದೇ ತಿರುವು ಎಷ್ಟು ಸಲೀಸಾಗಿತ್ತು...

ಒತಿಲಿಯಾ ಪಕ್ಕದ ಝರಿಯನ್ನೇ ನೋಡುತ್ತಾ ನಿಂತಳು. ಹೆರ್ಮಿಂಡಾಳ ಮಾತು ನೆನಪಾಯಿತು. ಆದರೂ ಬಲಗಡೆಯ ಖಾಲಿ ಕ್ಯಾನಿಗೆ ಝರಿಯ ನೀರು ತುಂಬಿಸಿ, ಸೈಕಲ್ ಹತ್ತಿದಳು. ಹ್ಯಾಂಡಲ್ ನೇರವಾಗಿತ್ತು. ಅವಳ ಕಣ್ಣು ಮಾತ್ರ ಮಂಜಾಗಿತ್ತು.

ಕೇಂದ್ರದಲ್ಲಿ ಎರಡೂ ಮುಚ್ಚಳಗಳನ್ನು ತಾನೇ ತೆಗೆದಳು. "ಇದು ಹಾಲು, ಇದು ನೀರು. ಸೈಕಲ್ ವಾಲದಿರಲಿ ಅಂತ. ಪರೀಕ್ಷೆ ಮಾಡ್ಕೊ!"

ಹೆರ್ಮಿಂಡಾ ಎರಡು ಸಲ ಅಳೆದು ನೋಡಿ ಹಾಲು ತೆಗೆದುಕೊಂಡಳು.

ವಾಪಸು ಬರುವಾಗ ಚೀಸ್ ಮನೆಯ ಮುಂದೆ ಸೈಕಲ್ ನಿಲ್ಲಿಸಿದಳು. ಎಲಿಸೆಯೊ ಒಲೆ ಬಿಟ್ಟು ಎದ್ದು ಬಂದ.

"ಭಾರಕ್ಕೆ ನೀರು ತುಂಬಿದ್ದನ್ನ ಮೊದಲೇ ಯಾಕೆ ಹೇಳಲಿಲ್ಲ?" ಎಂದಳು ಒತಿಲಿಯಾ.

"ಹೇಳಿದ್ರೆ ಕೇಳ್ತಿದ್ರಾ?"

"ಇಲ್ಲ."

ಇಬ್ಬರೂ ನಕ್ಕರು. ಅವನ ನಗು ಬೇಗ ನಿಂತಿತು. "ಕೇಂದ್ರದಲ್ಲಿ ಆದದ್ದು ಆಮೇಲೆ ಕಿವಿಗೆ ಬಿತ್ತು. ನಿಮಗೆ ಅಷ್ಟು ಅವಮಾನ ಆಗುತ್ತೆ ಅಂತ ಹೊಳೀಲಿಲ್ಲ, ಒತಿಲಿಯಾ. ನೀವು ತಿರುವು ದಾಟೋವರೆಗೂ ದಿನಾ ಇಲ್ಲೇ ನಿಂತಿರ್ತೀನಿ... ಒಲೆ ಮೇಲಿನ ಹಾಲು ಸೀದಿದ್ದೂ ಉಂಟು."

ಅವಳು ಸೈಕಲ್ಲನ್ನು ಮನೆಯ ಕಡೆಗೆ ತಿರುಗಿಸಿದಳು.

"ಸಂಜೆ ಮನೆಗೆ ಬನ್ನಿ. ಬೆಲ್ಲದ ನೀರು ಕಾಯಿಸ್ತೀನಿ. ನಮ್ಮನೇಲಿ ಎರಡನೇ ಲೋಟ ಕಪಾಟಿನಿಂದ ಕೆಳಗಿಳಿಸಿ ವರ್ಷ ಆಯ್ತು."

"ತೊಳೆದಿಡಿ," ಎಂದ ಅವನು ಮೆಲ್ಲಗೆ. "ಬರ್ತೀನಿ."